ಆನ್‌ಲೈನ್ ಚುನಾವಣೆ: ಎಣಿಕೆ ತಕ್ಷಣ ಆಗುತ್ತದೆ, ಮರುಎಣಿಕೆ ಕೇಳಿದರೆ?

2023ರ ಮೇ 13, ವಿಧಾನಸಭೆ ಚುನಾವಣೆಯ ಎಣಿಕೆ. ರಾಜ್ಯದಲ್ಲಿ ಯಾರ ಸರ್ಕಾರ ಬರುತ್ತದೆ ಅನ್ನೋದು ಮಧ್ಯಾಹ್ನದ ಊಟದ ಹೊತ್ತಿಗೇ ಗೊತ್ತಾಗಿತ್ತು. ಜಯನಗರದ ಫಲಿತಾಂಶ ಮಾತ್ರ ರಾತ್ರಿಯಾದರೂ ಬರಲಿಲ್ಲ. ಮರುಎಣಿಕೆ ನಡೆಯಿತು, ಅಂಚೆ ಮತಗಳ ಬಗ್ಗೆ ತಕರಾರು ಎದ್ದಿತು, ಎಣಿಕೆ ಕೇಂದ್ರದ ಹೊರಗೆ ಜನ ಸೇರಿದರು. ಕೊನೆಗೆ ಸಿ.ಕೆ. ರಾಮಮೂರ್ತಿ 16 ಮತಗಳಿಂದ ಗೆದ್ದರು ಅಂತ ಘೋಷಣೆ ಆಯಿತು. ಅದಕ್ಕೂ ಹಿಂದೆ, 2004ರಲ್ಲಿ, ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ.

ಇಂಥ ಕಡೆ ಸೋತವರು ಮರುಎಣಿಕೆ ಕೇಳಿದರೆ ಮತ್ತೆ ತೆಗೆದು ನೋಡಲು ಮೇಜಿನ ಮೇಲೆ ಏನಾದರೂ ಇರುತ್ತದೆ. ಅಂಚೆ ಮತದ ಲಕೋಟೆ, ಮತಯಂತ್ರ, ವಿವಿಪ್ಯಾಟ್ ಚೀಟಿ, ಏಜೆಂಟರು ಸಹಿ ಹಾಕಿದ ಫಾರಂ.

ಈಗ ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಚುನಾವಣೆಗೆ ಬನ್ನಿ. ಆನ್‌ಲೈನಲ್ಲಿ ಮತದಾನ, ಸಂಜೆ 6ಕ್ಕೆ ಮುಕ್ತಾಯ, 6 ಗಂಟೆ 1 ನಿಮಿಷಕ್ಕೆ ಫಲಿತಾಂಶ. ಎರಡು ಮತದಿಂದ ಸೋತವರು ಎದ್ದು ನಿಂತು ಮರುಎಣಿಕೆ ಕೇಳುತ್ತಾರೆ. ನೀವು ಅದೇ ಬಟನ್ ಮತ್ತೆ ಒತ್ತುತ್ತೀರಿ. ಅದೇ ಅಂಕಿ ಬರುತ್ತದೆ. ಅದು ಮರುಎಣಿಕೆ ಆಯಿತಾ?

ಅಪಾರ್ಟ್‌ಮೆಂಟ್ ಸಂಘ, ಹಳೆಯ ವಿದ್ಯಾರ್ಥಿಗಳ ಸಂಘ, ಹೊರದೇಶದ ಕನ್ನಡ ಕೂಟ, ವೃತ್ತಿಯವರ ಒಕ್ಕೂಟ, ಇಂಥ ಕಡೆ ಚುನಾವಣೆ ನಡೆಸುವ ಜವಾಬ್ದಾರಿ ಬಿದ್ದವರಿಗಾಗಿ ಇದನ್ನು ಬರೆದಿದ್ದೇನೆ. ಸಹಕಾರ ಸಂಘದವರು ಇಲ್ಲೇ ಒಂದು ನಿಮಿಷ ನಿಲ್ಲಿ. ನಿಮ್ಮ ಆಡಳಿತ ಮಂಡಳಿಯ ಚುನಾವಣೆ ರಾಜ್ಯದ ಸಹಕಾರ ಚುನಾವಣಾ ಪ್ರಾಧಿಕಾರದ ಕೈಯಲ್ಲಿದೆ. ಆ್ಯಪ್ ಆರಿಸೋ ಸ್ವಾತಂತ್ರ್ಯ ನಿಮಗಿಲ್ಲ. ಉಳಿದವರೂ ಮೊದಲು ಬೈಲಾ ತೆಗೆದು ನೋಡಿ. ಆನ್‌ಲೈನ್ ಮತಕ್ಕೆ ಅಲ್ಲಿ ಜಾಗ ಇಲ್ಲದಿದ್ದರೆ ಮೊದಲು ಸರ್ವಸದಸ್ಯರ ಸಭೆಯಲ್ಲಿ ತಿದ್ದುಪಡಿ ಆಗಬೇಕು. ಇಲ್ಲದಿದ್ದರೆ ಸೋತವರಿಗೆ ನೀವೇ ಒಂದು ದೂರು ಬರೆದುಕೊಟ್ಟ ಹಾಗಾಗುತ್ತದೆ.

ವೇಗ ನೋಡಿ ಆರಿಸಬೇಡಿ

ಆನ್‌ಲೈನ್ ಮತದಾನದ ಸೇವೆ ಮಾರುವವರೆಲ್ಲ ಮೊದಲು ಹೇಳೋದು ಇದನ್ನೇ: ಕ್ಷಣದಲ್ಲಿ ಫಲಿತಾಂಶ. ಅದು ಸುಳ್ಳಲ್ಲ. ಆದರೆ 200 ಮತವಾಗಲಿ, 20 ಸಾವಿರ ಮತವಾಗಲಿ, ಕೂಡಿಸೋದಕ್ಕೆ ಯಾವ ಕಂಪ್ಯೂಟರಿಗೂ ಹೊತ್ತು ಬೇಕಿಲ್ಲ. ವಾಟ್ಸಾಪ್ ಪೋಲೂ ಕ್ಷಣದಲ್ಲಿ ಎಣಿಸುತ್ತದೆ, ದುಡ್ಡು ಕೊಟ್ಟ ಸೇವೆಯೂ ಕ್ಷಣದಲ್ಲಿ ಎಣಿಸುತ್ತದೆ. ಹಾಗಾಗಿ ವೇಗದ ಮೇಲೆ ಹೋಲಿಸಿ ಏನೂ ಸಿಗೋದಿಲ್ಲ.

ಪ್ರಾಶಸ್ತ್ಯದ ಮತ ಇದ್ದರೆ ಮಾತ್ರ ಲೆಕ್ಕ ಬೇರೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆ ನೋಡಿದವರಿಗೆ ಗೊತ್ತು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಕೋಟಾ, ಅಂದರೆ ಗೆಲ್ಲಲು ಬೇಕಾದಷ್ಟು ಮತ, ಸಿಗದಿದ್ದರೆ ಕೊನೆಯವರನ್ನು ಕೈಬಿಡುತ್ತಾ, ಅವರ ಮತ ಹಂಚುತ್ತಾ ರಾತ್ರಿಯಿಡೀ ಕೂರಬೇಕು. ಅಲ್ಲಿ ಸಾಫ್ಟ್‌ವೇರ್ ನಿಜಕ್ಕೂ ಉಪಕಾರ ಮಾಡುತ್ತದೆ. ನಿಮ್ಮ ಸಂಘದಲ್ಲಿ 1, 2, 3 ಅಂತ ಪ್ರಾಶಸ್ತ್ಯ ಕೊಡುವ ಪದ್ಧತಿ ಇದ್ದರೆ ಓಪಾವೋಟ್ ತರಹದ, ಅದಕ್ಕೆಂದೇ ಇರುವ ಸೇವೆ ನೋಡಿ. ಗೂಗಲ್ ಫಾರ್ಮ್‌ನಲ್ಲಿ ಆ ಲೆಕ್ಕ ಮಾಡಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ.

ಉಳಿದವರು ಕೇಳಬೇಕಾದ ಪ್ರಶ್ನೆ ಬೇರೆ. ಮತದಾನ ಮುಗಿಯುವ ಮುಂಚೆ ಲೆಕ್ಕ ಯಾರಿಗೆ ಕಾಣುತ್ತದೆ? ಯಾರು ಯಾರಿಗೆ ಹಾಕಿದರು ಅನ್ನೋದು ಯಾರಿಗಾದರೂ ತಿಳಿಯುತ್ತದಾ? ಎಲ್ಲಕ್ಕಿಂತ ಮುಖ್ಯವಾಗಿ, ಸೋತವರು ಮರುಎಣಿಕೆ ಕೇಳಿದರೆ ಮೇಜಿನ ಮೇಲೆ ಏನಿಡುತ್ತೀರಿ?

ನಡುವೆ ಕಾಣುವ ಲೆಕ್ಕ

ಮತದಾನ ನಡೆಯುತ್ತಿರುವಾಗಲೇ ಮುನ್ನಡೆ, ಹಿನ್ನಡೆ ಕಾಣೋದು ಮಜಾ ಅನ್ನಿಸುತ್ತದೆ. ಟಿವಿಯಲ್ಲಿ ನೋಡಿ ಅಭ್ಯಾಸ ಅಲ್ವಾ. ಆದರೆ ಟಿವಿಯಲ್ಲಿ ಕಾಣೋದು ಎಣಿಕೆಯ ದಿನದ ಆಟ, ಮತದಾನದ ದಿನದ್ದಲ್ಲ. ಕೊನೆಯ ಹಂತದ ಮತದಾನ ಮುಗಿಯುವವರೆಗೆ ಎಕ್ಸಿಟ್ ಪೋಲ್ ಕೂಡ ಹಾಕಬಾರದು ಅಂತ ನಮ್ಮ ಜನಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ.

ಗೆಲ್ಲುವ ಕಡೆ ವಾಲುವ ಜನ ಇದ್ದೇ ಇರುತ್ತಾರೆ, ಅದು ಒಂದು ತೊಂದರೆ. ಇನ್ನೊಂದು ತೊಂದರೆ ಅದಕ್ಕಿಂತ ಕೆಟ್ಟದ್ದು, ಆದರೆ ಬೇಗ ಕಣ್ಣಿಗೆ ಬೀಳೋದಿಲ್ಲ. ಸಂಜೆ 4 ಗಂಟೆಗೆ 84 ಮತ ಬಿದ್ದಿವೆ ಅಂದುಕೊಳ್ಳಿ. ಒಬ್ಬರಿಗೆ 45, ಇನ್ನೊಬ್ಬರಿಗೆ 39. ಅಷ್ಟರಲ್ಲಿ 302ನೇ ಮನೆಯ ಅಂಕಲ್ ಗ್ರೂಪಿನಲ್ಲಿ 'ಈಗ ತಾನೇ ವೋಟ್ ಮಾಡಿದೆ, ಎಲ್ಲರೂ ಮಾಡಿ' ಅಂತ ಹಾಕುತ್ತಾರೆ. ಯಾರೋ ಪೇಜ್ ರಿಫ್ರೆಶ್ ಮಾಡುತ್ತಾರೆ. 45, 40. ಗುಟ್ಟಿನ ಮತ ಅಲ್ಲಿಗೆ ಮುಗಿಯಿತು. ಇದಕ್ಕೆ ಹ್ಯಾಕರ್ ಬೇಕಾಗಲಿಲ್ಲ.

ಲೈವ್ ಆಗಿ ಏನಾದರೂ ತೋರಿಸಲೇಬೇಕು ಅನ್ನಿಸಿದರೆ ಒಟ್ಟು ಎಷ್ಟು ಮತ ಬಿದ್ದಿದೆ ಅನ್ನೋದನ್ನಷ್ಟೇ ತೋರಿಸಿ. ಚುನಾವಣಾ ಆಯೋಗವೂ ಮತದಾನದ ದಿನ ಎರಡು ಗಂಟೆಗೊಮ್ಮೆ ಕೊಡೋದು ಶೇಕಡಾವಾರು ಮತದಾನದ ಅಂಕಿ ಮಾತ್ರ. ಎಸ್ಟೋನಿಯಾದಲ್ಲಿ 2005ರಿಂದ ಇಂಟರ್‌ನೆಟ್ ಮತದಾನ ಇದೆ. 2023ರ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಆನ್‌ಲೈನಲ್ಲೇ ಬಿತ್ತು. ಅಷ್ಟು ಪಳಗಿದವರೂ ಮತದಾನ ಮುಗಿಯುವವರೆಗೆ ಒಂದು ಮತವನ್ನೂ ಬಿಚ್ಚೋದಿಲ್ಲ. ಮೊದಲು ಮತದಿಂದ ಮತದಾರರ ಗುರುತು ಬೇರೆ ಮಾಡುತ್ತಾರೆ, ಆಮೇಲೆ ಬಿಚ್ಚಿ ಎಣಿಸುತ್ತಾರೆ. ಹಾಗಾಗಿ ಯಾವ ಸೇವೆಯೇ ಇರಲಿ, 'ಮುಗಿಯುವವರೆಗೆ ಫಲಿತಾಂಶ ಮುಚ್ಚಿಡು' ಅನ್ನುವ ಸೆಟ್ಟಿಂಗ್ ಇದೆಯಾ ನೋಡಿ. ಅದು ಅಡ್ಮಿನ್‌ಗೂ ಅನ್ವಯಿಸುತ್ತದಾ ಅಂತ ಎರಡನೇ ಸಲ ನೋಡಿ. ತುಂಬಾ ಕಡೆ ಸದಸ್ಯರಿಗೆ ಮುಚ್ಚಿದ್ದು ಅಡ್ಮಿನ್‌ಗೆ ತೆರೆದೇ ಇರುತ್ತದೆ. ಆ ಅಡ್ಮಿನ್ ಈಗಿನ ಕಾರ್ಯದರ್ಶಿಯೇ ಆಗಿದ್ದು, ಅವರೇ ಮತ್ತೆ ನಿಂತಿದ್ದರೆ?

ವಾಟ್ಸಾಪ್ ಪೋಲ್

ದೀಪಾವಳಿಗೆ ಊಟ ಹಾಕಿಸೋದಾ ತಿಂಡಿ ಸಾಕಾ ಅನ್ನೋದಕ್ಕೆ ಇದು ಸಾಕು. ಪದಾಧಿಕಾರಿಗಳ ಚುನಾವಣೆಗೆ ಬೇಡ. ಯಾರು ಯಾವುದಕ್ಕೆ ಹಾಕಿದರು ಅನ್ನೋದು ಸಾಮಾನ್ಯವಾಗಿ ಹೆಸರಿನ ಸಮೇತ ಇಡೀ ಗ್ರೂಪಿಗೆ ಕಾಣುತ್ತದೆ. ಹಾಕಿದ ಮತ ಬದಲಿಸಬಹುದು. ಒಂದು ಮನೆಯಲ್ಲಿ ಮೂರು ನಂಬರ್ ಇದ್ದರೆ ಮೂರು ಮತ. ಒಂದು ಮಾತು ಮಾತ್ರ ಒಪ್ಪಬೇಕು, ಮರುಎಣಿಕೆಗೆ ಇದಕ್ಕಿಂತ ಸುಲಭ ಇನ್ನೊಂದಿಲ್ಲ. ಎಲ್ಲರೂ ಎಲ್ಲರದನ್ನೂ ನೋಡಬಹುದು. ಕೈ ಎತ್ತಿ ಮತ ಹಾಕುವ ಪದ್ಧತಿ ನಿಮ್ಮಲ್ಲಿ ಇದ್ದರೆ ಇದು ಅದೇ, ಫೋನಿನಲ್ಲಿ. ಟೆಲಿಗ್ರಾಂನಲ್ಲಿ ಹೆಸರು ಕಾಣದ ಪೋಲ್ ಇದೆ. ಅದರಲ್ಲಿ ಗುಟ್ಟು ಉಳಿಯುತ್ತದೆ, ಮರುಎಣಿಕೆ ಹೋಗುತ್ತದೆ.

ಈ ಎಳೆದಾಟ ಗಮನಿಸಿ. ಒಂದು ಕಡೆ ಗುಟ್ಟು, ಇನ್ನೊಂದು ಕಡೆ ತಪಾಸಣೆ. ಮುಂದಿನ ಎಲ್ಲ ಆಯ್ಕೆಗಳಲ್ಲೂ ಇದೇ ಕಥೆ.

ಗೂಗಲ್ ಫಾರ್ಮ್

ನಮ್ಮ ಸಂಘಗಳಲ್ಲಿ ಜಾಸ್ತಿ ಬಳಕೆಯಲ್ಲಿರೋದು ಇದೇ. ಪುಕ್ಕಟೆ, ಎಲ್ಲರಿಗೂ ಪರಿಚಯ, ಮತ ಬಿದ್ದ ಹಾಗೆ ಚಾರ್ಟ್ ತಾನಾಗಿ ಬೆಳೆಯುತ್ತದೆ. ಕನ್ನಡದಲ್ಲೇ ಪ್ರಶ್ನೆ, ಹೆಸರು ಎಲ್ಲ ಹಾಕಬಹುದು. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಬ್ಬರಿಗೆ ಒಂದೇ ಮತ ಅಂತ ಕಟ್ಟುಮಾಡಲು ಅದರಲ್ಲಿ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಗೂಗಲ್ ಅಕೌಂಟಿನಿಂದ ಲಾಗಿನ್ ಆಗಲೇಬೇಕು. ಆದರೆ ಅದು ನೋಡೋದು ಅಕೌಂಟನ್ನು, ಮನುಷ್ಯನನ್ನಲ್ಲ. ಎರಡು ಜಿಮೇಲ್ ಇದ್ದವರು ಎರಡು ಮತ ಹಾಕಬಹುದು. ಇದನ್ನು ತಡೆಯಲು ಇಮೇಲ್ ವಿಳಾಸ ಸಂಗ್ರಹಿಸುವ ಸೆಟ್ಟಿಂಗ್ ಹಾಕುತ್ತೀರಿ. ಆಗ ಉತ್ತರಗಳು ಬಂದು ಸೇರುವ ಶೀಟಿನಲ್ಲಿ ಏನು ಬರುತ್ತದೆ? ಒಂದೇ ಸಾಲಿನಲ್ಲಿ ಸಮಯ, ಇಮೇಲ್, ಪಕ್ಕದಲ್ಲೇ ಯಾರಿಗೆ ಮತ. ಫಾರ್ಮ್ ಮಾಡಿದವರಿಗೆ ಇಡೀ ಅಪಾರ್ಟ್‌ಮೆಂಟಿನ ಗುಟ್ಟು ಗೊತ್ತು. ಇಮೇಲ್ ಬಿಟ್ಟರೆ ಕಳ್ಳಮತ ಹಿಡಿಯೋಕೆ ಆಗೋದಿಲ್ಲ, ಇಟ್ಟರೆ ಗುಟ್ಟು ಉಳಿಯೋದಿಲ್ಲ.

ನಡುವೆ ಒಂದು ದಾರಿ ಇದೆ. ಪ್ರತಿ ಮನೆಗೂ ಊಹಿಸಲಾಗದ ಒಂದು ಕೋಡ್ ಮಾಡಿ. ಯಾವ ಮನೆಗೆ ಯಾವ ಕೋಡ್ ಅನ್ನುವ ಪಟ್ಟಿ ಒಬ್ಬರ ಹತ್ತಿರ ಇರಲಿ, ಫಾರ್ಮ್ ಇನ್ನೊಬ್ಬರ ಹತ್ತಿರ ಇರಲಿ. ಫಾರ್ಮ್‌ನಲ್ಲಿ ಕೋಡ್ ಮಾತ್ರ ಕೇಳಿ, ಹೆಸರು, ಮನೆ ನಂಬರ್ ಬೇಡ. ಎಣಿಕೆಯಾದ ಮೇಲೆ ಕೋಡ್ ಮತ್ತು ಮತ ಇರುವ ಪಟ್ಟಿಯನ್ನು ಎಲ್ಲರಿಗೂ ಹಂಚಿ. ಪ್ರತಿಯೊಬ್ಬರೂ ತಮ್ಮ ಕೋಡ್ ಹುಡುಕಿ ಮತ ಸರಿಯಾಗಿ ಕೂತಿದೆಯಾ ನೋಡಬಹುದು, ಒಟ್ಟು ಲೆಕ್ಕ ತಾವೇ ಹಾಕಬಹುದು. ಇದು ಹೆಚ್ಚು ಕಡಿಮೆ ನಿಜವಾದ ಮರುಎಣಿಕೆ. ಆ ಇಬ್ಬರೂ ಸೇರಿಕೊಂಡರೆ ಗುಟ್ಟು ಹೋಗುತ್ತದೆ, ಆದ್ದರಿಂದ ಒಬ್ಬರಿಗೊಬ್ಬರು ಆಗದವರನ್ನೇ ಆರಿಸಿ! ಇನ್ನೊಂದು ದೋಷವೂ ಇದೆ. ಕೋಡ್ ತೋರಿಸು ಅಂತ ಯಾರಾದರೂ ಒತ್ತಾಯ ಮಾಡಿದರೆ ಮತ ಬಯಲಾಗುತ್ತದೆ. ದುಡ್ಡು, ದಬ್ಬಾಳಿಕೆ ನಡೆಯುವ ಚುನಾವಣೆಗೆ ಇದು ಆಗೋದಿಲ್ಲ.

ಫಾರ್ಮ್ ಬಳಸುವವರು ತಿಳಿದಿರಬೇಕಾದ ಕೆಲವು ಸೂಕ್ಷ್ಮಗಳಿವೆ. ಶೀಟಿನಲ್ಲಿ ಒಂದು ಸಾಲು ಅಳಿಸಿದರೆ ಫಾರ್ಮ್‌ನ ಒಳಗಿನ ಲೆಕ್ಕ ಬದಲಾಗೋದಿಲ್ಲ. ಎರಡೂ ಬೇರೆ ಬೇರೆ. ಹಾಗಾಗಿ ಮುಕ್ತಾಯವಾದ ತಕ್ಷಣ ಎರಡನ್ನೂ ಸಭೆಯ ಪರದೆ ಮೇಲೆ ತೆರೆದು, ಒಟ್ಟು ಸಂಖ್ಯೆ ತಾಳೆಯಾಗುತ್ತದಾ ತೋರಿಸಿ. ಆದರೆ ಎಡಿಟ್ ಹಕ್ಕು ಇರುವವರು ಫಾರ್ಮ್‌ನಿಂದಲೂ ಒಂದು ಮತ ಅಳಿಸಬಹುದು. ಆದ್ದರಿಂದ ಎಡಿಟ್ ಹಕ್ಕು ಒಬ್ಬರಿಗೇ ಇರಲಿ, ಅಭ್ಯರ್ಥಿಗಳಲ್ಲಿ ಯಾರಿಗೂ ಬೇಡ.

5 ಸ್ಥಾನಕ್ಕೆ 9 ಜನ ನಿಂತಿದ್ದಾರೆ ಅನ್ನಿ. ಚೆಕ್‌ಬಾಕ್ಸ್ ಹಾಕುತ್ತೀರಿ. ಗರಿಷ್ಠ 5 ಅಂತ ಮಿತಿ ಹಾಕೋದು ಮರೆತರೆ ಯಾರೋ 9ಕ್ಕೂ ಟಿಕ್ ಮಾಡುತ್ತಾರೆ. ಫಲಿತಾಂಶದ ಚಾರ್ಟಿನಲ್ಲಿ ಒಬ್ಬರಿಗೆ ಶೇ 62, ಇನ್ನೊಬ್ಬರಿಗೆ ಶೇ 58, ಮತ್ತೊಬ್ಬರಿಗೆ ಶೇ 51 ಅಂತ ಬರುತ್ತದೆ. ಕೂಡಿಸಿದರೆ 100 ದಾಟುತ್ತದೆ. ಸಭೆಯಲ್ಲಿ ಒಬ್ಬರಾದರೂ 'ಇದೇನ್ರೀ, ಲೆಕ್ಕ ತಪ್ಪು' ಅನ್ನದೆ ಬಿಡೋದಿಲ್ಲ. ಅಲ್ಲಿ ಶೇಕಡಾ ಲೆಕ್ಕ ಮತ ಹಾಕಿದ ಜನರ ಮೇಲೆ, ಬಿದ್ದ ಟಿಕ್‌ಗಳ ಮೇಲಲ್ಲ. ಇದನ್ನು ಫಲಿತಾಂಶ ತೋರಿಸುವ ಮುಂಚೆಯೇ ಹೇಳಿಬಿಡಿ. ಹೆಸರುಗಳ ಕ್ರಮ ಕಲಸುವ ಸೌಲಭ್ಯವೂ ಇದೆ, ಹಾಕಿ. ಪಟ್ಟಿಯಲ್ಲಿ ಮೊದಲಿರುವವರಿಗೆ ಸುಮ್ನೆ ಬೀಳುವ ಮತ ಕಡಿಮೆಯಾಗುತ್ತದೆ.

ಕನ್ನಡಕ್ಕೇ ಅಂಟಿದ ಒಂದು ತೊಡಕು: ಸದಸ್ಯರ ಪಟ್ಟಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿದ್ದರೆ ಅದನ್ನು ಹಾಗೇ ಕಾಪಿ ಮಾಡಿ ಹಾಕಿದಾಗ ಇಂಗ್ಲಿಷ್ ಅಕ್ಷರಗಳ ಗೋಜಲು ಬರುತ್ತದೆ. ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಿ. ಯೂನಿಕೋಡಿನಲ್ಲಿದ್ದರೂ, ಫಾರ್ಮ್‌ನಿಂದ ಇಳಿಸಿಕೊಂಡ ಉತ್ತರಗಳ ಸಿಎಸ್‌ವಿ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡ ಹೆಸರುಗಳು ಕೆಡುವ ಸಂಭವ ಜಾಸ್ತಿ. ಫಲಿತಾಂಶ ಘೋಷಿಸುವ ಹೊತ್ತಿಗೆ ಇದು ಗೊತ್ತಾದರೆ ಗೆದ್ದವರ ಹೆಸರು ಓದೋದೇ ಕಷ್ಟ.

ಅಪಾರ್ಟ್‌ಮೆಂಟ್ ಆ್ಯಪ್, ಜೂಮ್ ಪೋಲ್

ಮೈಗೇಟ್, ಅಡ್ಡಾ ತರಹದ ಆ್ಯಪ್‌ಗಳಲ್ಲಿ ಪೋಲ್ ಇದೆ. ಮನೆಗಳ ಪಟ್ಟಿ ಆಗಲೇ ಒಳಗಿರುವುದರಿಂದ ಅರ್ಧ ಕೆಲಸ ಮುಗಿದ ಹಾಗೆ. ಎರಡು ವಿಷಯ ಮಾತ್ರ ಮೊದಲೇ ಕೇಳಿ ತಿಳಿದುಕೊಳ್ಳಿ. ಬಾಡಿಗೆದಾರರಿಗೂ ಪೋಲ್ ತೆರೆಯುತ್ತದಾ, ಮಾಲೀಕರಿಗೆ ಮಾತ್ರವಾ? ಯಾರು ಹೇಗೆ ಹಾಕಿದರು ಅನ್ನುವ ವರದಿ ಕಮಿಟಿಯವರಿಗೆ ಸಿಗುತ್ತದಾ? ಸಿಗುತ್ತದೆ ಅಂದರೆ ಅದು ಗುಟ್ಟಿನ ಮತ ಅಲ್ಲ, ಅದನ್ನು ಸದಸ್ಯರಿಗೆ ಹೇಳಬೇಕು.

ಜೂಮ್ ಪೋಲ್ ಸಭೆಯ ನಡುವೆ ಒಂದು ನಿರ್ಣಯ ಪಾಸು ಮಾಡಲು ಚೆನ್ನಾಗಿದೆ. ಒಂದು ಲ್ಯಾಪ್‌ಟಾಪ್ ಮುಂದೆ ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿ ಕೂತಿದ್ದರೆ ಒಂದೇ ಮತ ಹಾಕಲು ಆಗೋದು. ಚುನಾವಣೆಗೆ ಇದನ್ನು ನಂಬಬೇಡಿ.

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಆಗಿರುವ ಸಂಘಗಳಿಗೆ ಇನ್ನೊಂದು ತಲೆನೋವಿದೆ. ಡಿಕ್ಲರೇಶನ್ ಪತ್ರದಲ್ಲಿ ಪ್ರತಿ ಮನೆಗೂ ಬರೆದ ಶೇಕಡಾ ಪಾಲಿನ ಮೇಲೆ ಮತದ ತೂಕ ನಿಂತಿದ್ದರೆ, ತಲೆಗೊಂದು ಮತ ಎಣಿಸುವ ಯಾವ ಪೋಲೂ ಕೆಲಸಕ್ಕೆ ಬರೋದಿಲ್ಲ. ತೂಕದ ಮತ ಎಣಿಸಿದಾಗಲೂ ಒಂದು ಎಚ್ಚರ ಬೇಕು. ಫಲಿತಾಂಶವನ್ನು ದಶಾಂಶ ಮೂರು ಸ್ಥಾನದವರೆಗೆ ಹಾಕಿದರೆ, ಮನೆಗಳು ಕಡಿಮೆ ಇದ್ದಾಗ, ಯಾವ ಮನೆಗಳು ಸೇರಿ ಆ ಮೊತ್ತ ಆಯಿತು ಅಂತ ಲೆಕ್ಕ ಗೊತ್ತಿರುವವರು ಪತ್ತೆ ಮಾಡಿಬಿಡುತ್ತಾರೆ.

ದುಡ್ಡು ಕೊಟ್ಟು ಪಡೆಯುವ ಸೇವೆ

ಎಲೆಕ್ಷನ್‌ಬಡಿ, ಸಿಂಪ್ಲಿ ವೋಟಿಂಗ್, ಓಪಾವೋಟ್ ಮುಂತಾದವು ಹೊರದೇಶದ ಸೇವೆಗಳು. ಮತದಾರರ ಪಟ್ಟಿ ಕೊಟ್ಟರೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಲಿಂಕ್ ಹೋಗುತ್ತದೆ. ಒಂದು ಲಿಂಕಿಗೆ ಒಂದು ಮತ. ಯಾರು ಹಾಕಿದ್ದಾರೆ ಅನ್ನೋದು ಬೇರೆ, ಏನು ಹಾಕಿದ್ದಾರೆ ಅನ್ನೋದು ಬೇರೆ ಇಡುತ್ತಾರೆ. ಫಾರ್ಮ್‌ನಲ್ಲಿ ನೀವು ಕಷ್ಟಪಟ್ಟು ಮಾಡಿದ ಕೋಡ್ ವ್ಯವಸ್ಥೆ ಇಲ್ಲಿ ಸಿದ್ಧವಾಗಿ ಸಿಗುತ್ತದೆ. ಅಮೆರಿಕ, ಕೊಲ್ಲಿ, ಸಿಂಗಪುರ ಅಂತ ಚದುರಿರುವ ಸದಸ್ಯರಿದ್ದರೆ ಇದೇ ಆರಾಮ. ಯಾಕಂದರೆ ಓಟಿಪಿ ನಂಬಿದರೆ ಊರಿನ ಸಿಮ್ ಮನೆಯಲ್ಲೇ ಬಿಟ್ಟು ಹೋದವರಿಗೆ ಮತವೇ ಇಲ್ಲದಂತಾಗುತ್ತದೆ. ಮುಕ್ತಾಯದ ಸಮಯ ಹಾಕುವಾಗ ಯಾವ ದೇಶದ ಗಂಟೆ ಅಂತ ಬರೆಯೋದು ಮರೆಯಬೇಡಿ.

ಮರುಎಣಿಕೆಯ ಪ್ರಶ್ನೆಗೆ ಇವರ ಉತ್ತರ 'ನಮ್ಮನ್ನು ನಂಬಿ' ಅನ್ನೋದು. ಮೂರನೆಯವರು, ನಿಮ್ಮ ಜಗಳದಲ್ಲಿ ಪಾಲಿಲ್ಲದವರು, ಅಷ್ಟರ ಮಟ್ಟಿಗೆ ಅದು ಸರಿ. ಹೆಸರಿಲ್ಲದ ಮತಗಳ ಪೂರ್ತಿ ಪಟ್ಟಿಯನ್ನು ಡೌನ್‌ಲೋಡ್ ಮಾಡಲು ಕೊಡುತ್ತಾರಾ ಅಂತ ಕೇಳಿ. ಕೊಡೋದಿಲ್ಲ, ಮೊತ್ತ ಮಾತ್ರ ಕೊಡುತ್ತೇವೆ ಅಂದರೆ ಬೇರೆಯವರನ್ನು ನೋಡಿ.

ನಮ್ಮ ದೇಶದಲ್ಲಿ ಕಂಪನಿಗಳ ಷೇರುದಾರರಿಗೆ, ಡಿಮ್ಯಾಟ್ ಷೇರುಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್, ಸಿಡಿಎಸ್‌ಎಲ್ ಸಂಸ್ಥೆಗಳ ಮೂಲಕ ಇ-ವೋಟಿಂಗ್ ನಡೆಯುತ್ತದೆ. ನೀವು ಆ ಸೇವೆ ಕೊಳ್ಳದಿದ್ದರೂ ಪರವಾಗಿಲ್ಲ, ಆ ನಿಯಮ ಓದಿ. 2013ರ ಕಂಪನಿ ಕಾಯ್ದೆಯ 108ನೇ ಕಲಂ ಮತ್ತು 2014ರ ನಿಯಮಗಳ 20ನೇ ನಿಯಮ. ಮತದಾನ ಕನಿಷ್ಠ 3 ದಿನ ತೆರೆದಿರಬೇಕು, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚಬೇಕು. ಸಭೆ ಮುಗಿಯುವವರೆಗೆ ಎಲೆಕ್ಟ್ರಾನಿಕ್ ಮತಗಳಿಗೆ ಬೀಗ. ಆಮೇಲೆ ಕಂಪನಿಯ ನೌಕರನಲ್ಲದ ಪರಿಶೀಲಕರು, ಕಂಪನಿಯ ನೌಕರರಲ್ಲದ ಇಬ್ಬರು ಸಾಕ್ಷಿಗಳ ಎದುರು ಬೀಗ ತೆಗೆದು ವರದಿ ಬರೆಯುತ್ತಾರೆ. ದೇವಸ್ಥಾನದ ಹುಂಡಿ ಎಣಿಕೆ ನಡೆಯುವ ಕ್ರಮವೇ. ಹುಂಡಿಯಲ್ಲಿ ಎಷ್ಟಿದೆ ಅಂತ ನಡುವೆ ಯಾರೂ ಇಣುಕೋದಿಲ್ಲ, ತೆಗೆಯುವಾಗ ಹೊರಗಿನವರು ಇರುತ್ತಾರೆ. ಕಂಪ್ಯೂಟರ್ ಕ್ಷಣದಲ್ಲಿ ಎಣಿಸಬಲ್ಲದು ಅಂತ ಗೊತ್ತಿದ್ದೂ ಪರಿಶೀಲಕರ ವರದಿಗೆ 3 ದಿನದ ಗಡುವು ಕೊಟ್ಟಿದ್ದಾರೆ. ಆ ಸಮಯ ಎಣಿಸೋದಕ್ಕಲ್ಲ, ತಾಳೆ ನೋಡೋದಕ್ಕೆ.

ಹೀಲಿಯೋಸ್, ಬೆಲೇನಿಯೋಸ್

'ನಂಬಿ' ಅನ್ನದೆ 'ನೀವೇ ನೋಡಿಕೊಳ್ಳಿ' ಅನ್ನುವ ಸಾಫ್ಟ್‌ವೇರ್ ಇವು. ಎರಡೂ ಪುಕ್ಕಟೆ, ಎರಡರ ಕೋಡೂ ಬಯಲಿನಲ್ಲಿದೆ. ಹೀಲಿಯೋಸ್ ಅನ್ನು ಬೆನ್ ಅಡೀಡಾ 2008ರಲ್ಲಿ ಪ್ರಕಟಿಸಿದರು. ಮರುವರ್ಷವೇ ಬೆಲ್ಜಿಯಂನ ಲೂವೆನ್ ಕ್ಯಾಥೊಲಿಕ್ ವಿಶ್ವವಿದ್ಯಾಲಯ ತನ್ನ ಮುಖ್ಯಸ್ಥರ ಚುನಾವಣೆಗೆ ಬಳಸಿತು. ಬೆಲೇನಿಯೋಸ್ ಫ್ರಾನ್ಸಿನ ಸಂಶೋಧಕರದ್ದು, ಹೀಲಿಯೋಸ್ ಮೇಲೆ ಕಟ್ಟಿದ್ದು.

ಒಳಗೆ ನಡೆಯೋದು ಹೀಗೆ. ನಿಮ್ಮ ಮತ ನಿಮ್ಮ ಬ್ರೌಸರಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ. ನಿಮಗೆ ಅಕ್ಷರ, ಅಂಕಿ ಸೇರಿದ ಒಂದು ಗುರುತು ಸಿಗುತ್ತದೆ. ಬೀಗ ಹಾಕಿದ ಎಲ್ಲ ಮತಗಳೂ ಒಂದು ಸಾರ್ವಜನಿಕ ಪಟ್ಟಿಯಲ್ಲಿ ಕಾಣುತ್ತವೆ. ನಿಮ್ಮ ಗುರುತು ಅಲ್ಲಿದೆಯಾ ನೋಡಬಹುದು. ಎಣಿಸುವಾಗ ಒಂದೊಂದೇ ಮತ ಬಿಚ್ಚೋದಿಲ್ಲ. ಬೀಗ ಹಾಕಿದ ಹಾಗೆಯೇ ಎಲ್ಲವನ್ನೂ ಕೂಡಿಸಿ, ಮೊತ್ತವನ್ನು ಮಾತ್ರ ಬಿಚ್ಚುತ್ತಾರೆ. ಗಣಿತ ಅದಕ್ಕೆ ಅವಕಾಶ ಕೊಡುತ್ತದೆ. ಬಿಚ್ಚಿದ್ದು ಸರಿಯಾಗಿದೆ ಅನ್ನೋದಕ್ಕೆ ಒಂದು ಪುರಾವೆಯೂ ಬರುತ್ತದೆ. ಅದನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲಿ ಪರೀಕ್ಷಿಸಬಹುದು. ಗುಟ್ಟೂ ಉಳಿಯುತ್ತದೆ, ಮರುಎಣಿಕೆಯೂ ಆಗುತ್ತದೆ. ಮೇಲೆ ಹೇಳಿದ ಎಳೆದಾಟ ಬಗೆಹರಿಯೋದು ಇಲ್ಲಿ ಮಾತ್ರ.

ಹಾಗಾದರೆ ಎಲ್ಲರೂ ಇದನ್ನೇ ಬಳಸಬಹುದಲ್ಲ? ಬಳಸಬಹುದು, ಆದರೆ ಬೀಗದ ಕೈ ಜೋಪಾನ. ಕೀಲಿ ಕಾಯಲು ಬೇರೆ ಯಾರನ್ನೂ ಸೇರಿಸದಿದ್ದರೆ ಹೀಲಿಯೋಸ್‌ನಲ್ಲಿ ಅದು ಆ ಸರ್ವರ್ ಹತ್ತಿರವೇ ಇರುತ್ತದೆ. ಮೂರು ಜನಕ್ಕೆ ಹಂಚಿದರೆ ಮೂವರೂ ಬೇಕು. ಗೂಢಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಐಎಸಿಆರ್ 2010ರಿಂದ ಹೀಲಿಯೋಸ್ ಬಳಸುತ್ತಿದೆ. 2025ರ ಅವರ ಚುನಾವಣೆಯಲ್ಲಿ ಮೂವರಲ್ಲಿ ಒಬ್ಬರು ತಮ್ಮ ಕೀಲಿ ಕಳೆದುಕೊಂಡರು. ಮತಗಳೆಲ್ಲ ಬಿದ್ದಿದ್ದವು, ಸುರಕ್ಷಿತವಾಗಿದ್ದವು, ಆದರೆ ಯಾರೂ ಎಣಿಸುವಂತಿರಲಿಲ್ಲ. ಚುನಾವಣೆಯನ್ನೇ ಮತ್ತೆ ನಡೆಸಬೇಕಾಯಿತು. ಜಗತ್ತಿನಲ್ಲಿ ಕೀಲಿಯ ಬಗ್ಗೆ ಅತಿ ಹೆಚ್ಚು ತಿಳಿದವರ ಸಂಘದಲ್ಲೇ ಹೀಗೆ! ಆಮೇಲೆ ಅವರು ಮೂವರಲ್ಲಿ ಇಬ್ಬರು ಸಾಕು ಅನ್ನುವ ವ್ಯವಸ್ಥೆಗೆ ಬಂದರು. ಬೆಲೇನಿಯೋಸ್‌ನಲ್ಲಿ ಈ 'ಇಷ್ಟು ಜನರಲ್ಲಿ ಇಷ್ಟು ಮಂದಿ ಸಾಕು' ಆಯ್ಕೆ ಸಿಗುತ್ತದೆ. ನನ್ನನ್ನು ಕೇಳಿದರೆ ಸಂಘಗಳಿಗೆ ಅದೇ ವಾಸಿ. ಮತದಾರರ ರಹಸ್ಯ ಕೋಡ್ ಹಂಚುವ ಕೆಲಸವನ್ನು ಸರ್ವರ್‌ನಿಂದ ಬೇರೆಯಾಗಿಡಲೂ ಅದರಲ್ಲಿ ಅವಕಾಶವಿದೆ. ಹಾಗಾಗಿ ಬಾರದವರ ಹೆಸರಿನಲ್ಲಿ ಮತ ತುಂಬೋದು ಕಷ್ಟ.

ಇನ್ನೊಂದು ಕಷ್ಟ ನಮ್ಮ ಜನರದ್ದು. ಎಪ್ಪತ್ತು ದಾಟಿದ ಸದಸ್ಯರಿಗೆ ಉದ್ದದ ಗುರುತು, ರಹಸ್ಯ ಕೋಡ್ ಎಲ್ಲ ಹೇಳಿಕೊಡಲು ತಾಳ್ಮೆಯ ಇಬ್ಬರು ಹುಡುಗರು ಬೇಕು. ಪಕ್ಕದಲ್ಲಿ ಕೂತು 'ಇವರಿಗೆ ಒತ್ತಿ ಅಜ್ಜಿ' ಅನ್ನುವ ಮೊಮ್ಮಗನನ್ನು ತಡೆಯಲು ಯಾವ ಗಣಿತದಿಂದಲೂ ಆಗೋದಿಲ್ಲ. ಒತ್ತಡ, ಆಮಿಷ ಜೋರಾಗಿರುವ ಕಡೆ ಹೀಲಿಯೋಸ್ ಬಳಸಬೇಡಿ ಅಂತ ಅದನ್ನು ಮಾಡಿದವರೇ ಹೇಳುತ್ತಾರೆ.

ಕಾಗದವನ್ನೂ ಪಟ್ಟಿಯಲ್ಲಿಡಿ

80 ಮನೆ, ಎಲ್ಲರೂ ಅಲ್ಲೇ ವಾಸ, ಭಾನುವಾರ ಕ್ಲಬ್‌ಹೌಸಿನಲ್ಲಿ ಸಭೆ. ಇಂಥ ಕಡೆ ಮತಪತ್ರ ಮುದ್ರಿಸಿ, ಪೆಟ್ಟಿಗೆ ಇಟ್ಟು, ಎಲ್ಲರ ಎದುರು ಬಿಚ್ಚಿ ಎಣಿಸಿ. ಅರ್ಧ ಗಂಟೆಯ ಕೆಲಸ. ಮರುಎಣಿಕೆ ಬೇಕಾ? ಇನ್ನೊಂದು ಕಾಲು ಗಂಟೆ, ಒಂದು ಲೋಟ ಕಾಫಿ ಜಾಸ್ತಿ. ಆನ್‌ಲೈನ್ ಬೇಕಾಗೋದು ಮಾಲೀಕರು ಊರೂರಲ್ಲಿ ಇದ್ದಾಗ, ಇಲ್ಲವೇ ಕೋರಂ ತುಂಬದೆ ಸಭೆ ಮುಂದಕ್ಕೆ ಹೋಗುತ್ತಿದ್ದಾಗ.

ಫಲಿತಾಂಶದ ಹಾಳೆ

ಗೆದ್ದವರ ಹೆಸರು, ಹಾರದ ಎಮೋಜಿ ಹಾಕಿದ ಒಂದು ಮೆಸೇಜ್ ಫಲಿತಾಂಶವಲ್ಲ. ಹಾಳೆ ಸುಮಾರು ಹೀಗಿರಲಿ, ಅಂಕಿಗಳು ಸುಮ್ನೆ ಉದಾಹರಣೆಗೆ:

ಒಟ್ಟು ಮನೆ: 180
ಬಾಕಿ ಇರುವುದರಿಂದ ಬೈಲಾ ಪ್ರಕಾರ ಮತವಿಲ್ಲದವು: 12
ಅರ್ಹ ಮತ: 168
ಲಿಂಕ್ ತಲುಪದೆ ಮತ್ತೆ ಕಳಿಸಿದ್ದು: 7
ಬಿದ್ದ ಮತ: 131
ಯಾರಿಗೂ ಇಲ್ಲ: 3
ಮೊದಲ ಅಭ್ಯರ್ಥಿ: 67
ಎರಡನೇ ಅಭ್ಯರ್ಥಿ: 61
ತೆರೆದದ್ದು, ಮುಚ್ಚಿದ್ದು, ಎಣಿಸಿದ್ದು: ದಿನಾಂಕ, ಗಂಟೆ
ಚುನಾವಣಾಧಿಕಾರಿ ಮತ್ತು ಇಬ್ಬರು ಸಾಕ್ಷಿಗಳ ಸಹಿ

67, 61, 3 ಕೂಡಿದರೆ 131. ಯಾರು ಬೇಕಾದರೂ ಬೆರಳೆಣಿಸಿ ನೋಡಬಹುದು. ಜಗಳ ಬರೋದು ಸಾಮಾನ್ಯವಾಗಿ 67 ಮತ್ತು 61ರ ಬಗ್ಗೆ ಅಲ್ಲ, ಆ 12 ಮತ್ತು 7ರ ಬಗ್ಗೆ. ಬಾಕಿಯವರ ಪಟ್ಟಿಯನ್ನು ಮತದಾನಕ್ಕೆ ಮುಂಚೆಯೇ ಹಾಕಿ, ಆಕ್ಷೇಪಣೆಗೆ ಸಮಯ ಕೊಟ್ಟಿರಬೇಕು. ಲಿಂಕ್ ಸ್ಪ್ಯಾಮ್‌ಗೆ ಹೋದವರು ಯಾರಿಗೆ ಫೋನ್ ಮಾಡಬೇಕು ಅನ್ನೋದು ನೋಟಿಸಿನಲ್ಲೇ ಇರಬೇಕು.

ಟವರ್‌ವಾರು ಲೆಕ್ಕ ಮಾತ್ರ ಹಾಕಬೇಡಿ. ಸಿ ಟವರಿನಿಂದ ಬಿದ್ದಿದ್ದು ಎರಡೇ ಮತ, ಎರಡೂ ಒಬ್ಬರಿಗೇ ಅಂತ ಪ್ರಕಟವಾದರೆ ಆ ಎರಡು ಮನೆಯವರ ಮತ ನೋಟಿಸ್ ಬೋರ್ಡಿಗೆ ಅಂಟಿಸಿದ ಹಾಗೆ.

ಎಣಿಕೆ ಸರಿಯಾಗಿದ್ದೂ ಚುನಾವಣೆ ಕೆಡಬಹುದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2021ರ ಡಿಸೆಂಬರಿನ ಸ್ಥಳೀಯ ಚುನಾವಣೆಯಲ್ಲಿ ಐವೋಟ್ ಅನ್ನುವ ಆನ್‌ಲೈನ್ ವ್ಯವಸ್ಥೆ ಹೊರೆ ತಾಳಲಾರದೆ ಕೈಕೊಟ್ಟಿತು. ಎಷ್ಟೋ ಜನಕ್ಕೆ ಮತ ಹಾಕಲು ಆಗಲಿಲ್ಲ. ಕೆಂಪ್ಸಿ, ಸಿಂಗಲ್‌ಟನ್ ಮತ್ತು ಶೆಲ್‌ಹಾರ್ಬರ್‌ನ ಒಂದು ವಾರ್ಡಿನ ಚುನಾವಣೆಗಳನ್ನು ಅಲ್ಲಿನ ಸುಪ್ರೀಂ ಕೋರ್ಟ್ 2022ರಲ್ಲಿ ರದ್ದು ಮಾಡಿತು. ಬಿದ್ದ ಮತದ ಲೆಕ್ಕದಲ್ಲಿ ತಕರಾರಿರಲಿಲ್ಲ, ಬೀಳದೆ ಹೋದ ಮತಗಳದ್ದೇ ತಕರಾರು. ಆದ್ದರಿಂದ ಒಂದೇ ದಿನ ಎರಡೇ ಗಂಟೆ ಮತದಾನ ಇಡಬೇಡಿ. ಎರಡು ಮೂರು ದಿನ ತೆರೆದಿಡಿ.

ಅಮೆರಿಕದ ಐಯೋವಾದಲ್ಲಿ 2020ರ ಫೆಬ್ರವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಆಂತರಿಕ ಆಯ್ಕೆ ನಡೆದಾಗ ಫಲಿತಾಂಶ ಕಳಿಸುವ ಆ್ಯಪ್ ಅರೆಬರೆ ಅಂಕಿ ಕಳಿಸಿತು. ದಿನಗಟ್ಟಲೆ ಗೊಂದಲ. ಕೊನೆಗೆ ಲೆಕ್ಕ ಕಟ್ಟಲು ಸಾಧ್ಯವಾಗಿದ್ದು ಬೂತುಗಳಲ್ಲಿ ಕಾಗದದ ದಾಖಲೆ ಇದ್ದಿದ್ದರಿಂದ.

ಯಾರಿಗೆ ಯಾವುದು

ಎಲ್ಲರೂ ಅಲ್ಲೇ ಇರುವ ಸಣ್ಣ ಅಪಾರ್ಟ್‌ಮೆಂಟಿಗೆ ಕಾಗದ. ನಾಲ್ಕಾರು ಜನ ಹೊರಗಿದ್ದರೂ ಬೈಲಾ ಒಪ್ಪಿದರೆ ಪ್ರಾಕ್ಸಿ, ಅಂದರೆ ಅವರ ಪರವಾಗಿ ಇನ್ನೊಬ್ಬರು ಮತ ಹಾಕೋದು, ಸಾಕು. 100ರಿಂದ 300 ಮನೆ, ಅರ್ಧ ಮಾಲೀಕರು ಹೊರಗೆ, ಆದರೆ ಜಗಳ ಕಡಿಮೆ ಅಂದರೆ ಕೋಡ್ ಇಟ್ಟ ಗೂಗಲ್ ಫಾರ್ಮ್. ಎರಡು ಬಣ ಆಗಿ ಮಾತು ಬಿಟ್ಟಿರುವ ಸಂಘವಾದರೆ ಫಾರ್ಮ್ ಬೇಡವೇ ಬೇಡ, ಯಾರು ಮಾಡಿದರೂ ಇನ್ನೊಂದು ಬಣ ನಂಬೋದಿಲ್ಲ. ಅಲ್ಲಿ ಬೆಲೇನಿಯೋಸ್ ಇಟ್ಟು, ಕೀಲಿಯನ್ನು ಎರಡೂ ಬಣಕ್ಕೆ ಒಂದೊಂದು, ಹೊರಗಿನ ಲೆಕ್ಕಪರಿಶೋಧಕರಿಗೆ ಒಂದು ಅಂತ ಹಂಚಿ, ಮೂರರಲ್ಲಿ ಎರಡು ಸಾಕು ಅಂತ ಮಾಡಿ. ದೇಶ ದೇಶಗಳಲ್ಲಿ ಚದುರಿದ ಕೂಟ, ಸಾವಿರಾರು ಸದಸ್ಯರ ಹಳೆಯ ವಿದ್ಯಾರ್ಥಿ ಸಂಘ ಇದ್ದರೆ ದುಡ್ಡು ಕೊಟ್ಟು ಸೇವೆ ತಗೊಳ್ಳಿ. ನಿಮ್ಮ ಸ್ವಯಂಸೇವಕರ ನಿದ್ದೆ ಆ ಬೆಲೆಗಿಂತ ದೊಡ್ಡದು. ಯಾವುದೇ ಆದರೂ ನಿಜವಾದ ಚುನಾವಣೆಗೆ ಒಂದು ವಾರ ಮುಂಚೆ ಅದೇ ಪಟ್ಟಿಯಿಂದ ಒಂದು ಸುಳ್ಳು ಚುನಾವಣೆ ನಡೆಸಿ. ಇಡ್ಲಿಯಾ ದೋಸೆಯಾ ಅಂತಲೇ ಕೇಳಿ. ಯಾರ ಇಮೇಲ್ ತಪ್ಪಿದೆ, ಯಾರ ಹೆಸರು ಎರಡು ಸಲ ಇದೆ, ಎಲ್ಲ ಅಲ್ಲೇ ಹೊರಬೀಳುತ್ತದೆ.

ಸಮಬಲ ಬಂದರೆ ಏನು ಅನ್ನೋದನ್ನೂ ನೋಟಿಸಿನಲ್ಲೇ ಬರೆಯಿರಿ. ವಿಧಾನಸಭೆ, ಲೋಕಸಭೆಗೆ ಕಾಯ್ದೆಯಲ್ಲೇ ಚೀಟಿ ಎತ್ತುವ ಕ್ರಮ ಇದೆ. ಸಂಘದ ಬೈಲಾಗಳಲ್ಲಿ ಇದು ಎಷ್ಟೋ ಸಲ ಇರೋದೇ ಇಲ್ಲ. ಕೆಲವು ಸಾಫ್ಟ್‌ವೇರ್‌ಗಳು ಸಮಬಲವಾದಾಗ ಪಟ್ಟಿಯಲ್ಲಿ ಮೊದಲು ಬರೆದವರನ್ನೇ ಮೇಲೆ ತೋರಿಸುತ್ತವೆ. ಅದನ್ನು ನೋಡಿ ಅವರೇ ಗೆದ್ದರು ಅಂತ ಯಾರಾದರೂ ಸ್ಕ್ರೀನ್‌ಶಾಟ್ ಹಾಕುವ ಮೊದಲು ಚೀಟಿ ಯಾರು ಎತ್ತುತ್ತಾರೆ, ಎಲ್ಲಿ ಎತ್ತುತ್ತಾರೆ ಅನ್ನೋದು ತೀರ್ಮಾನವಾಗಿರಲಿ.